ಪರದೇಶದಲ್ಲಿ ಮಕ್ಕಳಿಗೊಂದು ಶಾಲೆ: ಇಬ್ರಾಹೀಮರ(ಅ) ಪ್ರಾರ್ಥನೆ ಕಲಿಸುವ ಕ್ರಮ

ಕಳೆದ ರಮಝಾನಿಗೆ ಮುಂಚಿನ ಒಂದು ಸಂಜೆ. ಮಗ್‌ರಿಬ್ ನಮಾಝ್ ಮುಗಿಸಿ ಗೊಳಸಂಗಿಯ ಮಸೀದಿಯ ಅಂಗಳದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ದುಬೈಯಿಂದ ಕರೆ ಬಂತು. ಕರೆ ಮಾಡಿದಾತ ಇಪ್ಪತ್ತು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ ನಮ್ಮೆದುರು ಕುಳಿತು ಅಲಿಫ್, ಬಾ ಕಲಿತವನು. ಈಗ ಅಲ್ಲಿ ವಿದ್ಯುತ್ ಕೆಲಸದ ಮೇಲ್ವಿಚಾರಕ. ಹೆಂಡತಿಯನ್ನೂ ಐದು ವರ್ಷದ ಮಗನನ್ನೂ ಕರೆಸಿಕೊಂಡು ಆರು ತಿಂಗಳಾಗಿತ್ತು.

“ಹಜರತ್, ಎರಡು ಸಾಲಿ ನೋಡೇನ್ರಿ. ಒಂದು ಇಂಡಿಯನ್ ಸಿಲಬಸ್, ಇನ್ನೊಂದು ಬ್ರಿಟಿಷ್. ಯಾವುದಕ್ಕ ಹಾಕ್ಲಿ ಹೇಳ್ರಿ. ನೀವು ಹೇಳಿದ್ದಕ್ಕ ಹಾಕ್ತೀನಿ.”

ನಾವು ತುಸು ಹೊತ್ತು ಮಾತನಾಡಲಿಲ್ಲ. ಕರೆ ಕಡಿದುಹೋಯಿತೆಂದು ಭಾವಿಸಿ ಆತ ಎರಡು ಬಾರಿ “ಹಜರತ್, ಹಜರತ್” ಎಂದ. ಕರೆ ಕಡಿದಿರಲಿಲ್ಲ. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ನಮ್ಮನ್ನು ಕೇಳಲಾಗಿತ್ತು. ಅಂದು ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟಿದ್ದೆವು. ಆ ಉತ್ತರದ ಬೆಲೆಯನ್ನು ಒಬ್ಬ ಬಾಲಕ ತೆತ್ತಿದ್ದ.

ನಮ್ಮೂರು ವಿಜಯಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿದೆ. ಒಂದು ದಿಕ್ಕಿಗೆ ಆಲಮಟ್ಟಿಯ ಹಿನ್ನೀರು, ಮತ್ತೊಂದು ದಿಕ್ಕಿಗೆ ಕೂಡಗಿಯ ಉಷ್ಣವಿದ್ಯುತ್ ಸ್ಥಾವರ. ನಡುವೆ ಜೋಳ, ತೊಗರಿ, ಉಳ್ಳಾಗಡ್ಡಿಯ ಹೊಲಗಳು. ಭಟ್ಕಳ, ಉಡುಪಿ, ಮಂಗಳೂರಿನವರಂತೆ ತಲೆಮಾರುಗಳಿಂದ ಕೊಲ್ಲಿ ದೇಶಗಳ ಒಡನಾಟವಿದ್ದವರಲ್ಲ ನಾವು. ಇಲ್ಲಿಂದ ಹೋದವರು ಕೆಲವರೇ. ಅವರಿಗೆ ದಾರಿ ಹೇಳುವ ಹಿರಿಯರು ಅಲ್ಲಿಲ್ಲ. ಹಾಗಾಗಿ ನಿಕಾಹ್, ಜಮೀನು, ಸಾಲ, ಶಾಲೆ ಎಲ್ಲದಕ್ಕೂ ಊರಿನ ಮದ್ರಸದ ಗುರುವನ್ನೇ ಕೇಳುತ್ತಾರೆ. ಕೇಳುವವರ ವಿಶ್ವಾಸ ದೊಡ್ಡದು. ಹೇಳುವವರ ತಿಳುವಳಿಕೆ ಅಷ್ಟೇ ದೊಡ್ಡದಿರಬೇಕೆಂದಿಲ್ಲ.

2012ರಲ್ಲಿ ಕೇಳಿದವನು ನಮ್ಮ ಸ್ವಂತ ತಮ್ಮ. ರಿಯಾದ್‌ನಲ್ಲಿ ನೌಕರಿ. ಹಿರಿಯ ಮಗನನ್ನು ಒಂದನೇ ತರಗತಿಗೆ ಸೇರಿಸಬೇಕಿತ್ತು. ಸೌದಿಯ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಪಾಠಗಳೂ ಅರಬಿಯಲ್ಲೇ ನಡೆಯುತ್ತವೆ. ಆದ್ದರಿಂದ ನಮ್ಮವರ ಮಕ್ಕಳು ಪರದೇಶೀಯರಿಗಾಗಿ ಇರುವ ಶಾಲೆಗಳಿಗೆ ಹೋಗುವುದೇ ರೂಢಿ. ಜಿದ್ದಾ, ರಿಯಾದ್, ದಮ್ಮಾಮ್‌ಗಳಲ್ಲಿ ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿ ನಡೆಯುವ ಇಂಟರ್‌ನ್ಯಾಷನಲ್ ಇಂಡಿಯನ್ ಸ್ಕೂಲುಗಳಿವೆ. ಅಲ್ಲಿ ಸಿಬಿಎಸ್‌ಇ ಪಠ್ಯ. ಮಕ್ಕಳ ಸಂಖ್ಯೆ ಬಹಳ. ಇನ್ನೊಂದು, ಬ್ರಿಟಿಷ್ ಪಠ್ಯಕ್ರಮದ ಖಾಸಗಿ ಶಾಲೆ. ಅದರ ಚಿತ್ರಗಳನ್ನು ತಮ್ಮ ನಮಗೆ ಕಳುಹಿಸಿದ್ದ: ಗಾಜಿನ ಗೋಡೆ, ಹುಲ್ಲಿನ ಹಾಸು, ನೀಲಿ ನೀರಿನ ಈಜುಕೊಳ.

ನಾವು ಕಲಿತದ್ದು ಗೋಣಿಚೀಲ ಹಾಸಿದ ನೆಲದ ಮೇಲೆ. ಮೊದಲು ಉರ್ದು ಶಾಲೆ, ಬಳಿಕ ಮದ್ರಸ, ಆಮೇಲೆ ದುಡಿಯುತ್ತಲೇ ಕನ್ನಡ ಬಿ.ಎ. ಈಜುಕೊಳದ ಚಿತ್ರ ಕಂಡು ನಮ್ಮ ಕಣ್ಣು ತಂಪಾಯಿತು. “ದೊಡ್ಡ ಶಾಲೆಗೇ ಹಾಕು, ನಮಗೆ ಸಿಗದದ್ದು ಮಗುವಿಗೆ ಸಿಗಲಿ” ಎಂದೆವು. ಆ ಮಾತಿನಲ್ಲಿ ಮಗುವಿನ ಹಿತವೆಷ್ಟಿತ್ತು, ನಮ್ಮ ಹಳೆಯ ಕೊರಗೆಷ್ಟಿತ್ತು ಎಂಬುದನ್ನು ಇಂದಿಗೂ ಅಳೆಯಲಾಗಿಲ್ಲ. ಮನೆಯಲ್ಲೂ ಇಂಗ್ಲಿಷ್ ಮಾತನಾಡಿಸಿರೆಂದು ಶಾಲೆಯವರು ತಿಳಿಸಿದರು. ತಂದೆತಾಯಿ ಹಾಗೆಯೇ ಮಾಡಿದರು. ನಮ್ಮ ಮನೆಯ ಮಾತು ದಖನಿ. ಹೊಲದ, ಸಂತೆಯ ಮಾತು ಕನ್ನಡ. ಎರಡೂ ಆ ಮಗುವಿನ ನಾಲಿಗೆಯಿಂದ ದೂರವಾದವು. ರಜೆಗೆ ಬಂದಾಗ ಆತ ಇಂಗ್ಲಿಷಿನಲ್ಲಿ ಪಟಪಟನೆ ಮಾತನಾಡುತ್ತಿದ್ದರೆ ನಾವು ಹೆಮ್ಮೆಯಿಂದ ನೆರೆಹೊರೆಯವರತ್ತ ನೋಡುತ್ತಿದ್ದೆವು.

2017ರ ಜುಲೈನಲ್ಲಿ ಸೌದಿ ಸರ್ಕಾರವು ಪರದೇಶೀ ನೌಕರರ ಕುಟುಂಬದವರ ಮೇಲೆ ಶುಲ್ಕ ವಿಧಿಸಿತು. ತಲೆಗೆ ತಿಂಗಳಿಗೆ 100 ರಿಯಾಲ್. ಪ್ರತಿ ವರ್ಷ ಮತ್ತೆ ನೂರರಂತೆ ಏರಿ 2020ಕ್ಕೆ 400 ರಿಯಾಲ್. ತಮ್ಮನ ಹೆಂಡತಿ ಮತ್ತು ಮೂವರು ಮಕ್ಕಳು ಸೇರಿ ನಾಲ್ಕು ತಲೆ. ಮೊದಲ ವರ್ಷಕ್ಕೆ 4,800 ರಿಯಾಲ್, ಎರಡನೆಯ ವರ್ಷಕ್ಕೆ 9,600. ಅದರ ಮೇಲೆ ಶಾಲೆಯ ಶುಲ್ಕ, ಮನೆಬಾಡಿಗೆ. ಆ ದಿನಗಳಲ್ಲಿ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಮರಳಿದವು. 2018ರ ಜೂನ್‌ನಲ್ಲಿ ತಮ್ಮನೂ ಸಂಸಾರವನ್ನು ಊರಿಗೆ ಕಳುಹಿಸಿದ. ಹನ್ನೆರಡರ ಬಾಲಕ ಇಲ್ಲಿಯ ಆಂಗ್ಲ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿಗೆ ಸೇರಿದ. ಗಣಿತ, ವಿಜ್ಞಾನದಲ್ಲಿ ಮುಂದು. ಕನ್ನಡದ ಪುಸ್ತಕ ತೆರೆದರೆ ಒಂದಕ್ಷರವೂ ತಿಳಿಯದು.

ಅದೇ ಮಳೆಗಾಲದ ಒಂದು ದಿನ ನಮ್ಮ ತಾಯಿಯವರ ಔಷಧಿ ತರಲು ಆತ ಒಬ್ಬನೇ ನಿಡಗುಂದಿಗೆ ಹೋದ. ಹೋಗುವುದೇನೋ ಹೋದ, ಮರಳುವಾಗ ಬಸ್ಸಿನ ಫಲಕ ಓದಲು ಬಾರದೆ ಮುದ್ದೇಬಿಹಾಳದ ಬಸ್ಸು ಹತ್ತಿಬಿಟ್ಟ. ಹೊತ್ತು ಮುಳುಗಿತು. ತಾಯಿಯವರು ಹೊಸ್ತಿಲ ಮೇಲೆ ಕುಳಿತು ತಸ್ಬೀಹ್ ಎಣಿಸುತ್ತಿದ್ದರು. ಮಗುವಿನ ತಾಯಿ ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದಳು. ಕೊನೆಗೆ ಅವಳ ಮೊಬೈಲಿಗೆ ಬಸ್ಸಿನ ಕಂಡಕ್ಟರ್ ಕರೆ ಮಾಡಿದರು. ಫೋನು ನಾವು ತೆಗೆದುಕೊಂಡೆವು. “ಗಾಬರಿ ಆಗಬ್ಯಾಡ್ರಿ. ಹುಡುಗ ನಮ್ಮ ಹಂತ್ಯಾಕ ಅದಾನ. ಚಾ ಕುಡಿಸೇನಿ. ಯಾರರೆ ಬಂದು ಕರಕೊಂಡು ಹೋಗ್ರಿ.” ಇಶಾ ದಾಟಿದ ಮೇಲೆ ನಾವು ಮೋಟಾರು ಬೈಕಿನಲ್ಲಿ ಹೋಗಿ ಅವನನ್ನು ಕರೆತಂದೆವು. ಯಾರನ್ನಾದರೂ ಕೇಳಬಾರದಿತ್ತೇ ಎಂದಾಗ, ಹೇಗೆ ಕೇಳಬೇಕೆಂದೇ ತಿಳಿಯಲಿಲ್ಲ ಬಡೇ ಅಬ್ಬಾ, ಎಂದು ಇಂಗ್ಲಿಷಿನಲ್ಲಿ ಹೇಳಿ ಅತ್ತ.

ತಾಯಿಯವರಿಗೆ ಅಕ್ಷರ ಬಾರದು. ಆದರೂ ಅವರು ಎಂದೂ ಬಸ್ಸು ತಪ್ಪಿದವರಲ್ಲ. ನಿಲ್ದಾಣದಲ್ಲಿ ಪಕ್ಕದಲ್ಲಿ ನಿಂತವರನ್ನು “ಯಪ್ಪಾ, ಇದು ಎಲ್ಲಿಗಿ ಹೋಗತೈತಿ?” ಎಂದು ಕೇಳಿ ಹತ್ತುವವರು. ಓದಲು ಬಾರದಿದ್ದರೂ ಕೇಳಲು ಅವರಿಗೊಂದು ಭಾಷೆಯಿತ್ತು. ಮೊಮ್ಮಗನಿಗೆ ಅದೂ ಇರಲಿಲ್ಲ. ಆರು ವರ್ಷ ಇವನಿಗೆ ಏನು ಕಲಿಸಿದಿರಿ ಎಂದು ಆ ರಾತ್ರಿ ಅವರು ಕೇಳಿದಾಗ, ಆ ಪ್ರಶ್ನೆ ಸೊಸೆಯನ್ನೋ ಮಗನನ್ನೋ ಕುರಿತದ್ದಲ್ಲ, ಸಲಹೆ ಕೊಟ್ಟ ನಮ್ಮನ್ನೇ ಕುರಿತದ್ದು ಎಂದು ನಮಗೆ ತಿಳಿಯಿತು.

ಶಾಲೆಯನ್ನು ದೂಷಿಸುವುದು ನ್ಯಾಯವಲ್ಲ. ಆ ಶಾಲೆಯಿಂದ ಬಾಲಕ ಪಡೆದ ಒಳಿತುಗಳೂ ಇವೆ. ಹಿರಿಯರೆದುರು ಅಂಜದೆ ಪ್ರಶ್ನೆ ಕೇಳುವುದು, ಕಂಡದ್ದನ್ನು ಬರೆದಿಡುವುದು, ತನ್ನ ತಟ್ಟೆ ತಾನೇ ತೊಳೆಯುವುದು. ತಾನು ಕೊಡುತ್ತೇನೆಂದು ಹೇಳಿದ್ದನ್ನು ಶಾಲೆ ಕೊಟ್ಟಿತು. ಕೊಡಲಾರದ್ದನ್ನು ಕೊಡಬೇಕಾದವರು ನಾವಾಗಿದ್ದೆವು.

‘ಇಂಟರ್‌ನ್ಯಾಷನಲ್ ಸ್ಕೂಲ್’ ಎಂಬ ಹೆಸರು ಎಲ್ಲಿಂದ ಬಂತೆಂದು ನಾವು ಆಮೇಲೆ ಓದಿ ತಿಳಿದೆವು. ಮೊದಲ ಮಹಾಯುದ್ಧದ ಬಳಿಕ ಜಿನೀವಾ ನಗರದಲ್ಲಿ ರಾಷ್ಟ್ರಸಂಘ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕಚೇರಿಗಳು ನೆಲೆಯಾದವು. ನಾನಾ ದೇಶಗಳಿಂದ ಬಂದ ನೌಕರರ ಮಕ್ಕಳಿಗಾಗಿ 1924ರಲ್ಲಿ ಅಲ್ಲೊಂದು ಅಂತಾರಾಷ್ಟ್ರೀಯ ಶಾಲೆ ತೆರೆಯಿತು. ತಂದೆಗೆ ವರ್ಗವಾದಾಗ ಅಥವಾ ಸ್ವದೇಶಕ್ಕೆ ಮರಳಿದಾಗ ಮಗುವಿನ ಓದು ಕೆಡಬಾರದು ಎಂಬ ಚಿಂತೆ ಅಂಥ ಪೋಷಕರದಾಗಿತ್ತು. 1968ರಲ್ಲಿ ಅದೇ ನಗರದಲ್ಲಿ ಐಬಿ ಎಂಬ ಪರೀಕ್ಷಾ ವ್ಯವಸ್ಥೆ ಹುಟ್ಟಿದ್ದಕ್ಕೂ ಇದೇ ಕಾರಣ. ಅಂದರೆ ಈ ಶಾಲೆಗಳ ಮೂಲದಲ್ಲಿದ್ದುದು ವೈಭವವಲ್ಲ, ಮರಳುವಿಕೆಯ ಚಿಂತೆ. ನಾವು ಹೆಸರನ್ನು ತೆಗೆದುಕೊಂಡೆವು, ಚಿಂತೆಯನ್ನು ಬಿಟ್ಟೆವು.

ಪರದೇಶಕ್ಕೆ ಹೋಗಿ ಕಲಿಯುವುದು ಮುಸ್ಲಿಮರಿಗೆ ಹೊಸತೇನಲ್ಲ. ಗೀಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ನಮ್ಮ ಬೀದರಿನಲ್ಲಿ ಮದ್ರಸ ಕಟ್ಟಿಸಿದಾಗ ಪರದೇಶದ ವಿದ್ವಾಂಸರು ಈ ಮಣ್ಣಿಗೆ ಬಂದರು. ಅವರ ಪಾಲಿಗೆ ಪರದೇಶ ನಾವೇ. ಆ ಕಟ್ಟಡದ ದೊಡ್ಡ ಭಾಗ 1696ರ ಸ್ಫೋಟದಲ್ಲಿ ಹಾಳಾಯಿತು. ಉಳಿದುದನ್ನು ನೋಡಿದರೂ ಕಟ್ಟಿಸಿದವರ ಆಲೋಚನೆ ತಿಳಿಯುತ್ತದೆ: ಪಾಠದ ಕೋಣೆ, ಗ್ರಂಥಾಲಯ, ವಾಸದ ಕೋಣೆ, ಮಸೀದಿ ಎಲ್ಲವೂ ಒಂದೇ ಅಂಗಳದ ಸುತ್ತ.

ಈ ವಿಷಯದಲ್ಲಿ ನಮಗೆ ದಾರಿ ತೋರಿದ್ದು ಹಝ್ರತ್ ಇಬ್ರಾಹೀಮರ(ಅ) ಪ್ರಾರ್ಥನೆ. ಮಡದಿಯನ್ನೂ ಹಸುಳೆ ಇಸ್ಮಾಈಲರನ್ನೂ(ಅ) ಬೆಳೆಯಿಲ್ಲದ ಕಣಿವೆಯಲ್ಲಿ ನೆಲೆಗೊಳಿಸಿದ ತಂದೆ ಅಲ್ಲಾಹನಲ್ಲಿ ಬೇಡಿಕೊಂಡದ್ದು ಕುರ್‌ಆನಿನ ಇಬ್ರಾಹೀಮ್ ಅಧ್ಯಾಯದಲ್ಲಿದೆ. ನೀರಿಲ್ಲದ ಜಾಗ, ಮೊದಲು ಅನ್ನ ನೀರು ಕೇಳಬಹುದಿತ್ತು. ಅವರು ಮೊದಲು ಹೇಳಿದ್ದು ನಮಾಝಿನ ವಿಷಯ. ಎರಡನೆಯದಾಗಿ, ಜನರ ಹೃದಯಗಳು ಈ ಮಕ್ಕಳತ್ತ ಒಲಿಯಲೆಂದು ಕೇಳಿದರು. ಫಲಗಳನ್ನು ಕೇಳಿದ್ದು ಮೂರನೆಯದಾಗಿ, ಅದೂ ಕೃತಜ್ಞರಾಗಲೆಂಬ ಉದ್ದೇಶದಿಂದ. ನಮಾಝ್, ಹೃದಯಗಳು, ಫಲ. ನಾವು 2012ರಲ್ಲಿ ಫಲವನ್ನಷ್ಟೇ ನೋಡಿದ್ದೆವು.

ಮೊದಲನೆಯದು ನಮಾಝ್. ಕೊಲ್ಲಿ ದೇಶದಲ್ಲಿ ಎಲ್ಲೆಡೆ ಮಸೀದಿಗಳಿವೆ, ದೀನ್ ತಾನಾಗಿಯೇ ಬರುತ್ತದೆಂದು ಅನೇಕ ಪೋಷಕರು ನಿಶ್ಚಿಂತರಾಗಿರುತ್ತಾರೆ. ಯುಎಇಯ ಖಾಸಗಿ ಶಾಲೆಗಳಲ್ಲಿ ಮುಸ್ಲಿಮ್ ಮಕ್ಕಳಿಗೆ ಇಸ್ಲಾಮೀ ಶಿಕ್ಷಣ ಕಡ್ಡಾಯವೆಂಬುದು ನಿಜ. ದುಬೈಯ ಶಿಕ್ಷಣ ಪ್ರಾಧಿಕಾರವು ಶಾಲೆಗಳನ್ನು ತಪಾಸಣೆ ಮಾಡಿ ವರದಿಗಳನ್ನು ಪ್ರಕಟಿಸಿದೆ. ಅವುಗಳಲ್ಲಿ ಇಸ್ಲಾಮೀ ಶಿಕ್ಷಣ ಮತ್ತು ಅರಬಿಯ ಗುಣಮಟ್ಟವನ್ನು ಬೇರೆಯಾಗಿಯೇ ತೋರಿಸಿದೆ. ಪೋಷಕರು ಒಟ್ಟು ದರ್ಜೆಯನ್ನು ನೋಡಿ ಸುಮ್ಮನಾಗದೆ ಆ ಸಾಲನ್ನೂ ಓದಲಿ. ಝುಹರ್ ಹೊತ್ತಿನಲ್ಲಿ ಮಕ್ಕಳಿಗೆ ವುಝೂ ಮಾಡಲು ಸ್ಥಳವಿದೆಯೇ ಎಂದು ಕಣ್ಣಾರೆ ನೋಡಿ ಬರಲಿ. ಆದರೂ ಒಂದು ಮಾತು: ನಸುಕಿನಲ್ಲಿ ತಂದೆ ಕೈಹಿಡಿದು ಫಜ್ರ್‌ಗೆ ಕರೆದೊಯ್ಯದಿದ್ದರೆ ಯಾವ ಶಾಲೆಯ ಯಾವ ದರ್ಜೆಯೂ ಆ ಕೊರತೆಯನ್ನು ತುಂಬದು. ಪ್ರತಿಯೊಬ್ಬನೂ ತನ್ನ ಮನೆಯವರ ಪಾಲಿಗೆ ಕುರುಬನಂತೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಕುರಿಮರಿಯ ಕಾವಲನ್ನು ಸಂಬಳ ಕೊಟ್ಟು ಬೇರೆಯವರಿಗೆ ವಹಿಸಬಹುದು. ಹೊಣೆ ನಮ್ಮಲ್ಲೇ ಉಳಿಯುತ್ತದೆ.

ಎರಡನೆಯದು ಹೃದಯಗಳು. ಹೃದಯಗಳು ಭಾಷೆಯ ದಾರಿಯಿಂದ ಒಂದನ್ನೊಂದು ಸೇರುತ್ತವೆ. ಪ್ರತಿಯೊಬ್ಬ ಸಂದೇಶವಾಹಕನನ್ನೂ ಅವನ ಜನರ ಭಾಷೆಯಲ್ಲೇ ಕಳುಹಿಸಲಾಯಿತೆಂದು ಕುರ್‌ಆನ್ ಹೇಳುತ್ತದೆ. ಮಕ್ಕಾದ ಕುಲೀನರು ಹಸುಗೂಸುಗಳನ್ನು ಮರುಭೂಮಿಯ ಕುಲಗಳಲ್ಲಿ ಬೆಳೆಯಲು ಕಳುಹಿಸುತ್ತಿದ್ದರು. ಅಲ್ಲಿ ಶುದ್ಧ ಗಾಳಿಯಿತ್ತು, ಶುದ್ಧ ಅರಬಿಯಿತ್ತು. ಪ್ರವಾದಿವರ್ಯರೂ(ಸ) ಹಾಗೆಯೇ ಹಲೀಮಾರ(ರ) ಮಡಿಲಲ್ಲಿ ಬೆಳೆದರು. ಇದರರ್ಥ ಅನ್ಯಭಾಷೆ ಬೇಡವೆಂದಲ್ಲ. ಎಳೆಯ ವಯಸ್ಸಿನ ಝೈದ್ ಬಿನ್ ಸಾಬಿತ್‌ರಿಗೆ(ರ) ಯಹೂದಿಗಳ ಬರಹ ಕಲಿಯಲು ಆದೇಶಿಸಿದವರೂ ಪ್ರವಾದಿವರ್ಯರೇ(ಸ). ಬದ್ರ್‌ನ ಕೈದಿಗಳಲ್ಲಿ ಓದುಬರಹ ಬಲ್ಲವರಿಗೆ ಮದೀನಾದ ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ಗೊತ್ತುಪಡಿಸಲಾಯಿತು. ಇಂಗ್ಲಿಷ್ ಬೇಕು, ಅರಬಿ ಬೇಕು. ಅವು ಬರುವಾಗ ಮನೆಯ ಮಾತು ಹೊರಗೆ ಹೋಗಬೇಕಾಗಿಲ್ಲ.

ಕೊಲ್ಲಿಯ ಭಾರತೀಯ ಶಾಲೆಗಳಲ್ಲಿ ಹಿಂದಿ, ಮಲಯಾಳಂ, ಉರ್ದು ಸಿಗುವಷ್ಟು ಸುಲಭವಾಗಿ ಕನ್ನಡ ಸಿಗುವುದಿಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ಸಂಘದವರು 2014ರಿಂದ ವಾರದ ರಜೆಯಲ್ಲಿ ಉಚಿತ ಕನ್ನಡ ಪಾಠಶಾಲೆ ನಡೆಸುತ್ತಾ ಬಂದಿದ್ದಾರೆ. ಅಂಥದು ಹತ್ತಿರವಿದ್ದರೆ ಮಕ್ಕಳನ್ನು ಕಳುಹಿಸಿರಿ. ಇಲ್ಲದಿದ್ದರೆ ಮನೆಯೇ ಪಾಠಶಾಲೆಯಾಗಲಿ. ಇದು ಬರಿಯ ಅಭಿಮಾನದ ಮಾತಲ್ಲ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಮೇರೆಗೆ ರಾಜ್ಯದ ಎಲ್ಲ ಶಾಲೆಗಳಲ್ಲಿ, ಸಿಬಿಎಸ್‌ಇ ಹಾಗೂ ಐಸಿಎಸ್‌ಇ ಶಾಲೆಗಳೂ ಸೇರಿದಂತೆ, ಒಂದನೇ ತರಗತಿಯಿಂದ ಮೊದಲ್ಗೊಂಡು ಹಂತಹಂತವಾಗಿ ಕನ್ನಡ ಕಲಿಕೆ ಕಡ್ಡಾಯವಾಗಿದೆ. ಮರಳಿ ಬರುವ ಮಗು ಈ ಬಾಗಿಲನ್ನು ದಾಟಲೇಬೇಕು.

ಮೂರನೆಯದು ಫಲ. ಇಲ್ಲಿ ಲೆಕ್ಕ ಬೇಕು. ಗಳಿಕೆಗೆ ಮೀರಿದ ಶುಲ್ಕದ ಶಾಲೆಗಾಗಿ ಬಡ್ಡಿಯ ಸಾಲ ಮಾಡುವುದು ಫಲದ ಬೇರಿಗೇ ಹುಳ ಬಿಟ್ಟಂತೆ. ಪಠ್ಯಕ್ರಮವನ್ನು ಆರಿಸುವಾಗ ಮುಂದೆ ಎಲ್ಲಿ ಓದುವನೆಂಬುದನ್ನು ನೋಡಬೇಕು. ಐದಾರು ವರ್ಷಗಳಲ್ಲಿ ಮರಳುವವರಿಗೆ ಭಾರತೀಯ ಪಠ್ಯ ಸುಗಮ. ಯುರೋಪು, ಅಮೆರಿಕದತ್ತ ಹೋಗುವುದು ನಿಶ್ಚಿತವಿರುವವರಿಗೆ ಕೇಂಬ್ರಿಜ್ ಅಥವಾ ಐಬಿ. ವರ್ಷದ ಆರಂಭವೂ ಬೇರೆಬೇರೆ. ಅಲ್ಲಿಯ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ, ಬ್ರಿಟಿಷ್ ಶಾಲೆಗಳು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ, ನಮ್ಮ ರಾಜ್ಯದ ಶಾಲೆಗಳು ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆಯುತ್ತವೆ. ಇದನ್ನು ಗಮನಿಸದೆ ಮಧ್ಯದಲ್ಲಿ ಮರಳಿದರೆ ಒಂದು ವರ್ಷ ಕೈತಪ್ಪಬಹುದು.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಸಿಇಟಿ ಮೂಲಕ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯಲು ಸಾಮಾನ್ಯ ನಿಯಮದಂತೆ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ನಾವು ಬೆರಳು ಮಡಿಚಿ ಎಣಿಸಿದೆವು: ಏಳು, ಎಂಟು, ಒಂಬತ್ತು, ಹತ್ತು, ಪಿಯುಸಿಯ ಎರಡು. ಒಟ್ಟು ಆರು! ಒಂದು ವರ್ಷ ಕಡಿಮೆ. ತಂದೆತಾಯಿ ಇಲ್ಲಿ ಓದಿದ್ದರೆ ಅನ್ವಯಿಸುವ ಬೇರೆ ಕಂಡಿಕೆಯೂ ನಿಯಮಾವಳಿಯಲ್ಲಿದೆ. ಅದು ತಿಳಿಯುವವರೆಗೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಪರದೇಶದಲ್ಲಿರುವ ಪೋಷಕರು ಮಗುವಿಗೆ ಹತ್ತು ವರ್ಷ ತುಂಬುವ ಮೊದಲೇ ಪರೀಕ್ಷಾ ಪ್ರಾಧಿಕಾರದ ಆ ಪುಸ್ತಿಕೆಯನ್ನು ಓದಿಕೊಳ್ಳುವುದು ಲೇಸು.

ಮುದ್ದೇಬಿಹಾಳದ ಆ ರಾತ್ರಿಯ ಮರುದಿನದಿಂದ ಬಾಲಕ ಮಗ್‌ರಿಬ್ ಬಳಿಕ ನಮ್ಮೆದುರು ಕುಳಿತ. ಕುರ್‌ಆನ್ ಪಾಠದ ನಂತರ ಅರ್ಧ ಗಂಟೆ ಕನ್ನಡ. ಮೊದಲು ಕಲಿಸಿದ್ದು ಅ, ಆ ಅಲ್ಲ. ಗೊಳಸಂಗಿ, ನಿಡಗುಂದಿ, ಬಾಗೇವಾಡಿ, ವಿಜಯಪುರ. ಆರು ವರ್ಷದವರ ಸಾಲಿನಲ್ಲಿ ಹನ್ನೆರಡರವನು ಕೂರುವುದು ಸುಲಭವಲ್ಲ. ಚಿಕ್ಕವರು ನಕ್ಕರು. ಕೆಲವು ದಿನ ಆತ ಬರಲಿಲ್ಲ. ಮತ್ತೆ ಬಂದ. ಒಂದು ವರ್ಷಕ್ಕೆ ಓದಲು ಬಂತು.

ನಮ್ಮ ತಾಯಿಯವರ ತವರಿನ ಹೊಲ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು. ಮಳೆಗಾಲದಲ್ಲಿ ಅಣೆಕಟ್ಟೆಯ ನೀರಿನ ಮಟ್ಟ ತಿಳಿಯುವವರೆಗೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಬಾಲಕ ದಿನವೂ ಪತ್ರಿಕೆ ತಂದು, ದಾದಿಯ ಮಗ್ಗುಲಲ್ಲಿ ಕುಳಿತು, ಮೊದಲು ಆ ಸಾಲನ್ನು ಓದುತ್ತಿದ್ದ. ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ ಇಷ್ಟು. ಮುಳುಗಿದ ಹೊಲದ ಬೇವಿನ ಮರದ ಕಥೆಯನ್ನು ಅವರು ಅವನಿಗೆ ಹೇಳುತ್ತಿದ್ದರು. ಅಷ್ಟರಲ್ಲಿ ಅದು ಅವನಿಗೆ ಅರ್ಥವಾಗುತ್ತಿತ್ತು. 2021ರಲ್ಲಿ ಅವರು ಅಲ್ಲಾಹನ ಸನ್ನಿಧಿಗೆ ಮರಳಿದರು. ಅವರಿಬ್ಬರಿಗೂ ಎರಡು ವರ್ಷದ ಮಾತು ದೊರೆಯಿತು. ಹನ್ನೆರಡು ವರ್ಷದ ಮಾತು ದೊರೆಯಬೇಕಿತ್ತು. ಉಳಿದ ಹತ್ತು ವರ್ಷ ನಮ್ಮ ಲೆಕ್ಕದಲ್ಲಿವೆ.

ದುಬೈಯ ಶಿಷ್ಯನಿಗೆ ನಾವು ಆ ಸಂಜೆ ಉತ್ತರ ಹೇಳಲಿಲ್ಲ. ಮೂರು ದಿನ ಬೇಡಿದೆವು, ಆತನಿಗೂ ಇಸ್ತಿಖಾರಾ ಮಾಡಲು ಹೇಳಿದೆವು. ಮಗುವಿನ ತಾಯಿ ಏನೆನ್ನುತ್ತಾಳೆ ಎಂದು ಕೇಳಿದೆವು. ಆತ ಅವಳನ್ನು ಕೇಳಿಯೇ ಇರಲಿಲ್ಲ. ನಾಲ್ಕನೆಯ ದಿನ ಹೀಗೆ ಹೇಳಿದೆವು: “ನಿನ್ನ ಸಂಬಳಕ್ಕ ಸಾಲ ಇಲ್ಲದ ಯಾವುದು ನಡೀತದೋ ಅದಕ್ಕ ಹಾಕು. ಹತ್ತು ವರ್ಷದಾಗ ಊರಿಗಿ ಬರಾವಿದ್ದರ ಇಂಡಿಯನ್ ಸಿಲಬಸ್ ಇರಲಿ. ಆದರ ಎರಡು ಶರತ್ತು. ಫಜ್ರ್‌ಕ್ಕ ಮಗನ ಕೈ ಹಿಡಕೊಂಡು ಹೋಗು. ಜುಮಾ ದಿನ ನಿಮ್ಮವ್ವಗ ಫೋನ್ ಹಚ್ಚಿ ಮಗನ ಕೈಯಾಗ ಕೊಡು, ನೀ ನಡುವ ಮಾತಾಡಬ್ಯಾಡ.” ಆತ ಭಾರತೀಯ ಪಠ್ಯದ ಶಾಲೆಯನ್ನೇ ಆರಿಸಿದ. ಅದೇ ಸರಿಯಾದದ್ದೆಂದು ನಾವು ಸಾರುವುದಿಲ್ಲ. ಪರಿಣಾಮವನ್ನು ಬಲ್ಲವನು ಅಲ್ಲಾಹನೊಬ್ಬನೇ.

ಕಳೆದ ತಿಂಗಳು ಆತ ನಮಗೊಂದು ಚಿತ್ರ ಕಳುಹಿಸಿದ. ಗೆರೆ ಹಾಕಿದ ಹಾಳೆಯ ಮೇಲೆ ಮಗುವಿನ ಕೈಬರಹ. ‘ಗೊಳಸಂಗಿ’ ಎಂದು ಬರೆದಿತ್ತು. ‘ಳ’ ಮಾತ್ರ ಹಿಂದುಮುಂದಾಗಿತ್ತು. ಅದನ್ನು ನಮ್ಮ ತಮ್ಮನ ಮಗನಿಗೆ ತೋರಿಸಿದೆವು. ಆತ ಈಗ ಪದವಿ ಓದುತ್ತಿದ್ದಾನೆ. ಬಹಳ ಹೊತ್ತು ನೋಡಿ, “ಬಡೇ ಅಬ್ಬಾ, ಇವನು ಬಸ್ಸು ತಪ್ಪುವುದಿಲ್ಲ” ಎಂದ.

ಪರದೇಶಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳನ್ನು ಅಲ್ಲಾಹನು ನಮಾಝ್ ಪಾಲಿಸುವವರನ್ನಾಗಿ ಮಾಡಲಿ. ಹಿರಿಯರ ಹೃದಯಗಳನ್ನು ಅವರತ್ತಲೂ, ಅವರ ಹೃದಯಗಳನ್ನು ಹಿರಿಯರತ್ತಲೂ ಒಲಿಸಲಿ. ಅವರ ದುಡಿಮೆಗೆ ಹಲಾಲ್ ಫಲ ನೀಡಲಿ. ಅರಿಯದೆ ನಾವು ಕೊಟ್ಟ ಸಲಹೆಗಳ ತಪ್ಪನ್ನು ಮನ್ನಿಸಲಿ. ಆಮೀನ್.